52ರಲ್ಲಿ 27 ಹೋದರೆ 35: ಚಿಕ್ಕ ಮಕ್ಕಳಿಗೆ ಲೆಕ್ಕ ಕಲಿಸುವ ಬಗೆ

ಪಕ್ಕದ ಮನೆಯ ಹುಡುಗಿ, ಎರಡನೇ ತರಗತಿ. ಹೋಂವರ್ಕ್ ಪುಸ್ತಕದಲ್ಲಿ 52 − 27 = 35 ಎಂದು ಬರೆದಿದ್ದಳು. ಅವರಮ್ಮ ಅಳಿಸಿದರು, ಅವಳು ಮತ್ತೆ ಅದನ್ನೇ ಬರೆದಳು, ಅವರು ಮತ್ತೆ ಅಳಿಸಿದರು. ನಾನು ಹೋಗುವ ಹೊತ್ತಿಗೆ ಹಾಳೆ ತೂತು ಬಿದ್ದಿತ್ತು, ಮಗುವಿನ ಕಣ್ಣಲ್ಲಿ ನೀರು.

"ಹೆಂಗ್ ಬಂತು ಪುಟ್ಟಿ, ಹೇಳು ನೋಡೋಣ" ಅಂದೆ.

"ಎರಡರಲ್ಲಿ ಏಳು ಹೋಗಲ್ಲ ಆಂಟಿ. ಅದಕ್ಕೇ ಏಳರಲ್ಲಿ ಎರಡು ತೆಗೆದೆ, ಐದು. ಐದರಲ್ಲಿ ಎರಡು ಹೋದರೆ ಮೂರು."

ಇದರಲ್ಲಿ ಅಜಾಗರೂಕತೆ ಎಲ್ಲಿದೆ? ಒಂದನೇ ತರಗತಿಯಲ್ಲಿ "ದೊಡ್ಡದರಲ್ಲಿ ಚಿಕ್ಕದನ್ನು ಕಳಿ" ಎಂದು ನಾವೇ ಹೇಳಿಕೊಟ್ಟಿದ್ದೆವು. ಅವಳು ಅದನ್ನು ನಿಷ್ಠೆಯಿಂದ ಪಾಲಿಸಿದ್ದಾಳೆ, ಅಷ್ಟೆ. ಪ್ರಾಥಮಿಕ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಹೇಳಬಹುದು ಅನಿಸಿರುವುದು ಒಂದೇ ಮಾತು: ಮಗುವಿನ ಉತ್ತರ ಸರಿಯೋ ತಪ್ಪೋ ಎಂದು ಹೇಳುವ ಮೊದಲು "ಹೇಗೆ ಬಂತು?" ಎಂದು ಕೇಳಿ. ಉತ್ತರ ಸರಿ ಇದ್ದಾಗಲೂ ಕೇಳಿ. ತಪ್ಪಿದ್ದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳದ ಹಾಗೆ ಕೇಳಿಸುತ್ತದೆ.

ಕೆಳಗೆ ಬರೆದಿರುವುದು ಎಲ್‌ಕೆಜಿಯಿಂದ ಮೂರನೇ ತರಗತಿಯವರೆಗಿನ ಮಕ್ಕಳಿಗೆ. ದಿನಕ್ಕೆ ಹದಿನೈದು ನಿಮಿಷ ಸಾಕು. ಮುಕ್ಕಾಲು ಪಾಲು ಸಾಮಾನು ಅಡುಗೆಮನೆಯಲ್ಲೇ ಇದೆ.

1. ಎಣಿಕೆ: ಬಾಯಲ್ಲಿ ಬಂದರೆ ಸಾಲದು

"ನಮ್ಮ ಮಗ ನೂರರ ತನಕ ಹೇಳ್ತಾನೆ" ಎನ್ನುವ ಅಪ್ಪ-ಅಮ್ಮಂದಿರಿಗೆ ನಾನು ಕೊಡುವ ಪರೀಕ್ಷೆ ಇದು. ಎಂಟು ಅವರೆಕಾಳು ಚೆಲ್ಲಿ ಎಣಿಸಲು ಹೇಳಿ. ಮಗು ಒಂದು, ಎರಡು ಎಂದು ಎಂಟರ ತನಕ ಬೆರಳಿಟ್ಟು ಎಣಿಸುತ್ತದೆ. ತಕ್ಷಣ "ಹಾಗಾದರೆ ಎಷ್ಟಿದೆ?" ಎಂದು ಕೇಳಿ. "ಎಂಟು" ಅಂದರೆ ಸರಿ. ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಮಗುವಿಗೆ ಇನ್ನೂ ಹೊಳೆದಿಲ್ಲ. ಅದಾದ ಮೇಲೆ ಕಾಳುಗಳನ್ನು ಅಗಲವಾಗಿ ಹರಡಿ "ಈಗ ಎಷ್ಟು?" ಎನ್ನಿ. ಕೊನೆಗೆ ದೊಡ್ಡ ರಾಶಿಯಿಂದ "ಆರು ಕಾಳು ಕೊಡು" ಎನ್ನಿ. ಈ ಮೂರನೆಯದೇ ಕಷ್ಟದ್ದು, ಏಕೆಂದರೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಗು ನೆನಪಲ್ಲಿ ಇಟ್ಟುಕೊಂಡಿರಬೇಕು. ನೂರರ ತನಕ ಒಂದೇ ಉಸಿರಿನಲ್ಲಿ ಒಪ್ಪಿಸುವ ಮಕ್ಕಳೂ ಇಲ್ಲಿ ಆರರ ಬದಲು ಕೈತುಂಬ ಕೊಡುವುದನ್ನು ನೋಡಿದ್ದೇನೆ.

ಮಕ್ಕಳ ಎಣಿಕೆಯಲ್ಲಿ ಇಷ್ಟೆಲ್ಲ ಬೇರೆ ಬೇರೆ ತಿಳಿವಳಿಕೆಗಳು ಸೇರಿವೆ ಎಂಬುದನ್ನು ರೋಚೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲೇ ಬಿಡಿಸಿ ತೋರಿಸಿದರು. ನಮ್ಮ ಅಜ್ಜಿಯಂದಿರು ಅದನ್ನು ಓದದೆಯೇ ಚೌಕಾಬಾರ ಆಡಿಸುತ್ತಿದ್ದರು. ನಾಲ್ಕು ಕವಡೆ ಎಸೆದು ಎಷ್ಟು ಬಾಯಿ ಮೇಲಾಗಿ ಬಿದ್ದಿವೆ ಎಂದು ನೋಡಿದೊಡನೆ ಹೇಳಬೇಕು, ಬಿದ್ದಷ್ಟೇ ಮನೆ ನಡೆಸಬೇಕು. ನಾಲ್ಕೂ ಬೋರಲಾದರೆ ಎಂಟು. ಒಂದು ಕವಡೆಗೆ ಒಂದು ಮನೆ, ಒಂದೂ ಬಿಡುವ ಹಾಗಿಲ್ಲ, ಎರಡು ಸಲ ಎಣಿಸುವ ಹಾಗಿಲ್ಲ. ಮೋಸ ಮಾಡಿದರೆ ಎದುರಿಗಿದ್ದವರು ಬಿಡುವುದೂ ಇಲ್ಲ! ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ ಆಗುತ್ತದೆ.

ಹಿಂದಕ್ಕೆ ಎಣಿಸುವುದನ್ನು ಮರೆಯಬೇಡಿ. ಮೆಟ್ಟಿಲು ಹತ್ತುವಾಗ ಒಂದರಿಂದ ಹನ್ನೆರಡು, ಇಳಿಯುವಾಗ ಹನ್ನೆರಡರಿಂದ ಒಂದು. ಕಳೆಯುವ ಲೆಕ್ಕದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

2. ಸಂಖ್ಯೆಗಳ ಹೆಸರಿನಲ್ಲೇ ಪಾಠವಿದೆ

ಈಗ ಬಹಳ ಮನೆಗಳಲ್ಲಿ ಶಾಲೆಯ ಲೆಕ್ಕ ಇಂಗ್ಲಿಷಿನಲ್ಲಿ, ಅಜ್ಜಿಯ ಲೆಕ್ಕ ಕನ್ನಡದಲ್ಲಿ. "ಮೂವತ್ತೇಳು ಅಂದರೆ ಎಷ್ಟು ಮಮ್ಮಿ?" ಎಂದು ಕೇಳುವ ಮಗುವನ್ನು ಕಂಡು ನಗುವ ಬದಲು ಎರಡನ್ನೂ ಪಕ್ಕಪಕ್ಕ ಇಡಿ. ಕನ್ನಡದ ಹೆಸರುಗಳಲ್ಲಿ ಹತ್ತು ಎಂಬುದು ಕಿವಿಗೇ ಕೇಳಿಸುತ್ತದೆ. ಹತ್ತೊಂಬತ್ತು ಎಂದರೆ ಹತ್ತು ಮತ್ತು ಒಂಬತ್ತು. ಐವತ್ತು ಎಂದರೆ ಐದು ಹತ್ತು. ಐವತ್ತಾರು ಎಂದರೆ ಐದು ಹತ್ತು, ಆರು ಬಿಡಿ. ಇಂಗ್ಲಿಷಿನ ತರ್ಟೀನ್-ತರ್ಟಿ, ಫಿಫ್ಟೀನ್-ಫಿಫ್ಟಿಗಳ ಗೊಂದಲ ಇಲ್ಲಿಲ್ಲ.

ನಮ್ಮಲ್ಲಿ ಗೊಂದಲವೇ ಇಲ್ಲ ಎಂದಲ್ಲ. ಒಂಬತ್ತು, ಎಂಬತ್ತು, ತೊಂಬತ್ತು ಈ ಮೂರೂ ಕಿವಿಗೆ ಅಣ್ಣತಮ್ಮಂದಿರ ಹಾಗೆ. ಎಂಬತ್ತೊಂಬತ್ತು ಆದ ಮೇಲೆ ಏನು ಎಂದರೆ ಮಗು ತಡವರಿಸುವುದು ಸಹಜ. ಈ ಮೂರನ್ನು ಮಾತ್ರ ಬೇರೆಯಾಗಿ, ಕಡ್ಡಿಯ ಕಟ್ಟು ಮುಂದಿಟ್ಟುಕೊಂಡು ಹೇಳಿಸಿ. ಬರೆಯುವಾಗಿನ ತಪ್ಪೂ ಒಂದಿದೆ. "ನೂರಾ ಐದು" ಎಂದರೆ ಮಗು 1005 ಎಂದು ಬರೆಯುತ್ತದೆ. ನೂರು ಬರೆದಾಯಿತು, ಪಕ್ಕದಲ್ಲಿ ಐದು ಬರೆದಾಯಿತು, ಕೇಳಿಸಿದ್ದನ್ನೇ ಬರೆದಿದೆ. ಅದಕ್ಕೆ ಮದ್ದು ಮುಂದೆ ಬರುತ್ತದೆ.

3. ಹತ್ತನ್ನು ಕಣ್ಣಿಗೆ ತೋರಿಸಿ: ಮೊಟ್ಟೆಯ ಟ್ರೇ

ಅಂಗಡಿಯಲ್ಲಿ ಮೂವತ್ತು ಮೊಟ್ಟೆಯ ರಟ್ಟಿನ ಟ್ರೇ ಸಿಗುತ್ತದಲ್ಲ, ಆರು ಸಾಲು, ಸಾಲಿಗೆ ಐದು ಗುಳಿ. ಎರಡೆರಡು ಸಾಲಿಗೆ ಕತ್ತರಿಸಿದರೆ ಹತ್ತು ಗುಳಿಯ ಮೂರು ತುಂಡು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಗಣಿತ ಸಲಕರಣೆ ಇಲ್ಲ. (ಮೊಟ್ಟೆ ತರದ ಮನೆಯವರು ರಟ್ಟಿನ ಮೇಲೆ ಎರಡು ಸಾಲು, ಐದೈದು ಚೌಕ ಬರೆದುಕೊಳ್ಳಿ.)

ಒಂದು ತುಂಡಿನಲ್ಲಿ ಏಳು ಗುಳಿಗೆ ಹುಣಸೆ ಬೀಜ ಹಾಕಿ. "ತುಂಬೋಕೆ ಇನ್ನೆಷ್ಟು ಬೇಕು?" ಮಗು ಖಾಲಿ ಗುಳಿ ನೋಡಿ ಮೂರು ಎನ್ನುತ್ತದೆ. ಇದನ್ನು ಹತ್ತು ಹದಿನೈದು ದಿನ ಆಟದ ಹಾಗೆ ಆಡಿ. ಆಮೇಲೆ ಟ್ರೇ ಮುಚ್ಚಿಟ್ಟು ಬಾಯಲ್ಲೇ ಕೇಳಿ: ನಾನು ಆರು ಅಂದರೆ ನೀನು ನಾಲ್ಕು, ನಾನು ಎಂಟು ಅಂದರೆ ನೀನು ಎರಡು. ಬಸ್ಸಿನಲ್ಲಿ, ಜಡೆ ಹಾಕುವಾಗ, ಎಲ್ಲೆಂದರಲ್ಲಿ.

ಈ ಜೋಡಿಗಳು ನಾಲಿಗೆಯ ಮೇಲೆ ಬಂದರೆ 8 + 5ಕ್ಕೆ ಬೆರಳು ಮಡಚಬೇಕಿಲ್ಲ. ಒಂದು ತುಂಡಿನಲ್ಲಿ ಎಂಟು, ಇನ್ನೊಂದರಲ್ಲಿ ಐದು ಬೀಜ ಇಡಿ. ಐದರಿಂದ ಎರಡು ತೆಗೆದು ಎಂಟರ ಖಾಲಿ ಗುಳಿ ತುಂಬಿಸಿದರೆ ಒಂದು ಟ್ರೇ ಭರ್ತಿ, ಮೂರು ಉಳಿಯಿತು, ಹದಿಮೂರು. ಬೀಜ ಎತ್ತಿಡುವ ಈ ಕೆಲಸವನ್ನು ಮಗುವಿನ ಕೈಯೇ ಮಾಡಬೇಕು. ನೀವು ಮಾಡಿ ತೋರಿಸಿದರೆ ಅದು ನಿಮ್ಮ ಲೆಕ್ಕವಾಗುತ್ತದೆ.

ಬೆರಳಿನ ಬಗ್ಗೆಯೂ ಒಂದು ಮಾತು. "ಬೆರಳಲ್ಲಿ ಎಣಿಸಬೇಡ" ಎಂದು ಕೈಗೆ ಹೊಡೆಯುವ ಹಳೇ ಚಾಳಿ ಇನ್ನೂ ಹೋಗಿಲ್ಲ. ಆರೇಳು ವರ್ಷದ ಮಗುವಿಗೆ ಬೆರಳೇ ಮಣಿಚೌಕಟ್ಟು. ಬೇಡ ಅಂದರೆ ಮೇಜಿನ ಕೆಳಗೆ ಎಣಿಸುತ್ತದೆ, ಇಲ್ಲವೇ ಊಹಿಸುತ್ತದೆ. ಹತ್ತರ ಜೋಡಿ ಗಟ್ಟಿಯಾದ ದಿನ ತಾನಾಗಿ ಬಿಡುತ್ತದೆ.

4. ಬಿಡಿ, ಹತ್ತು, ನೂರು: ಕಡ್ಡಿ ಕಟ್ಟು

ನೂರು ಪೊರಕೆ ಕಡ್ಡಿ ಮುರಿದಿಟ್ಟುಕೊಳ್ಳಿ, ಜೊತೆಗೆ ಒಂದಿಷ್ಟು ರಬ್ಬರ್ ಬ್ಯಾಂಡ್. ಹತ್ತು ಕಡ್ಡಿ ಆದೊಡನೆ ಕಟ್ಟಬೇಕು, ಇದು ಆಟದ ನಿಯಮ. 34 ಎಂದರೆ ಮೂರು ಕಟ್ಟು, ನಾಲ್ಕು ಬಿಡಿ. 43 ಎಂದರೆ ನಾಲ್ಕು ಕಟ್ಟು, ಮೂರು ಬಿಡಿ. ಎರಡನ್ನೂ ಪಕ್ಕದಲ್ಲಿಟ್ಟು ಯಾವುದು ದೊಡ್ಡದು ಎಂದು ಕೇಳಿದರೆ ಮಗುವಿಗೆ ನಗು ಬರುತ್ತದೆ, ಅಷ್ಟು ಸ್ಪಷ್ಟ. ಹತ್ತು ಕಟ್ಟುಗಳನ್ನು ಒಂದು ದೊಡ್ಡ ದಾರದಿಂದ ಬಿಗಿದರೆ ನೂರು.

105ರ ಗೊಂದಲಕ್ಕೆ ಚೀಟಿ ಮಾಡಿ. 100 ಎಂದು ಬರೆದ ಉದ್ದನೆಯ ಚೀಟಿ, 5 ಎಂದು ಬರೆದ ಪುಟ್ಟ ಚೀಟಿ. 5ರ ಚೀಟಿಯನ್ನು ನೂರರ ಕೊನೆಯ ಸೊನ್ನೆಯ ಮೇಲೆ ಕೂರಿಸಿದರೆ 105. ಅದೇ ರೀತಿ 40ರ ಮೇಲೆ 7 ಕೂತರೆ 47, ಚೀಟಿ ಎತ್ತಿದರೆ ಒಳಗೆ ಅಡಗಿದ್ದ ಸೊನ್ನೆ ಕಾಣುತ್ತದೆ. ಒಂದು ವಾರದಲ್ಲಿ 1005 ಬರೆಯುವುದು ನಿಲ್ಲುತ್ತದೆ.

ಈಗ ಆ ಹುಡುಗಿಯ 52 − 27ಕ್ಕೆ ಬರೋಣ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದಿಟ್ಟೆ.

"ನಂಗೆ ಇಪ್ಪತ್ತೇಳು ಕಡ್ಡಿ ಕೊಡು."

ಎರಡು ಕಟ್ಟು ಕೊಟ್ಟಳು. ಆಮೇಲೆ ಬಿಡಿ ಕಡ್ಡಿ ನೋಡಿದಳು. ಎರಡೇ. ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ (ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಅಮ್ಮಂದಿರಿಗಂತೂ ಇನ್ನೂ ಕಷ್ಟ). ಸುಮಾರು ಹೊತ್ತು ಕಡ್ಡಿ ತಿರುಗಿಸುತ್ತ ಕೂತವಳು, "ಒಂದು ಕಟ್ಟು ಬಿಚ್ಲಾ ಆಂಟಿ?" ಅಂದಳು. ಬಿಚ್ಚಿದಳು. ಹನ್ನೆರಡು ಬಿಡಿ ಆಯಿತು, ಏಳು ಕೊಟ್ಟಳು, ಐದು ಉಳಿಯಿತು. ಎರಡು ಕಟ್ಟು, ಐದು ಬಿಡಿ. "ಇಪ್ಪತ್ತೈದು!"

ಪುಸ್ತಕದಲ್ಲಿ ಐದನ್ನು ಹೊಡೆದು ನಾಲ್ಕು ಮಾಡಿ, ಎರಡರ ಪಕ್ಕ ಒಂದು ಬರೆಯುವುದು ಈ ಕಟ್ಟು ಬಿಚ್ಚಿದ್ದರ ಗುರುತು ಮಾತ್ರ. "ಪಕ್ಕದ ಮನೆಯಿಂದ ಸಾಲ ತಗೋ" ಎಂದು ಹೇಳಿಕೊಡುವ ರೂಢಿ ನನಗೆ ಹಿಡಿಸದು. ಸಾಲ ಎಂದರೆ ವಾಪಸ್ ಕೊಡಬೇಕಲ್ಲ, ಇಲ್ಲಿ ಯಾರೂ ಕೊಡುವುದಿಲ್ಲ. ಹತ್ತನ್ನು ಬಿಚ್ಚಿದೆವು ಎಂದರೆ ಸಾಕು. ಕೂಡುವಾಗ "ಕೈಯಲ್ಲಿ ಒಂದು" ಎನ್ನುತ್ತೇವಲ್ಲ, ಆ ಒಂದು ಕೂಡ ಒಂದಲ್ಲ, ಹೊಸದಾಗಿ ಕಟ್ಟಿದ ಒಂದು ಕಟ್ಟು. ಇಷ್ಟು ಗೊತ್ತಿದ್ದರೆ ದಶಕ ಸಹಿತ ಲೆಕ್ಕಗಳ ಭಯ ಹೋಗುತ್ತದೆ.

ಕಡ್ಡಿಯಿಂದ ನೇರವಾಗಿ ಅಂಕಿಗೆ ಹಾರಬೇಡಿ. ನಡುವೆ ಚಿತ್ರವಿರಲಿ: ಕಟ್ಟಿಗೆ ಒಂದು ಉದ್ದ ಗೆರೆ, ಬಿಡಿಗೆ ಒಂದು ಚುಕ್ಕಿ. ವಸ್ತು, ಚಿತ್ರ, ಆಮೇಲೆ ಅಂಕಿ. ಅಂಕಿಯಲ್ಲಿ ಸಿಕ್ಕಿಕೊಂಡರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಅದರಲ್ಲಿ ಅವಮಾನವೇನಿಲ್ಲ.

5. ಚಿಲ್ಲರೆ

ನಮ್ಮ ಕಾಲದಲ್ಲಿ ಅಂಗಡಿಗೆ ಓಡಿಸುತ್ತಿದ್ದರು, ಚಿಲ್ಲರೆ ಎಣಿಸಿ ತರದಿದ್ದರೆ ಬೈಗುಳ. ಈಗಿನ ಮಗು ಕಾಣುವುದು ಫೋನು ಹಿಡಿದರೆ ಟಿಣ್ ಎನ್ನುವ ಡಬ್ಬಿಯನ್ನು. ದುಡ್ಡು ಕೈ ಬದಲಾಗುವುದೇ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆಯಾದರೂ ಸೊಪ್ಪು, ಹೂವು, ಬಾಳೆಹಣ್ಣಿಗೆ ನೋಟು ಕೊಟ್ಟು ಮಗುವನ್ನೇ ಮುಂದೆ ಬಿಡಿ.

ಹಳೇ ಅಂಗಡಿಯವರು ಚಿಲ್ಲರೆ ಕೊಡುವ ರೀತಿಯನ್ನು ಗಮನಿಸಲು ಹೇಳಿ. ಸಾಮಾನು 37 ರೂಪಾಯಿ, ಕೊಟ್ಟದ್ದು 50. ಅವರು ಕಳೆಯುವುದೇ ಇಲ್ಲ. "ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು" ಎಂದು ಮೂರು ನಾಣ್ಯ ಇಡುತ್ತಾರೆ, "ಐವತ್ತು" ಎಂದು ಹತ್ತರ ನೋಟು ಇಡುತ್ತಾರೆ. ಹದಿಮೂರು. ಕಳೆಯುವುದನ್ನು ಕೂಡುತ್ತ ಮಾಡಬಹುದು ಎಂಬುದು ಎಷ್ಟೋ ಮಕ್ಕಳಿಗೆ ಅಂಗಡಿಕಟ್ಟೆಯಲ್ಲೇ ಗೊತ್ತಾಗಬೇಕು.

6. ಮಗ್ಗಿ

ಬಾಯಿಪಾಠ ಬೇಡವೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು" ಎನ್ನುವ ರಾಗದಲ್ಲಿ ಒಂದು ಸುಖವಿದೆ, ಮುಂದೆ ಭಾಗಾಕಾರ ಮಾಡುವಾಗ ಮಗ್ಗಿ ಬಾರದಿದ್ದರೆ ಪ್ರತಿ ಹೆಜ್ಜೆಗೂ ಎಡವಬೇಕು. ಆದರೆ ಅರ್ಥ ಮೊದಲು, ರಾಗ ಆಮೇಲೆ.

ಅರ್ಥಕ್ಕೆ ಮನೆಯ ಮುಂದಿನ ರಂಗೋಲಿ ಸಾಕು. ನೇರ ಚುಕ್ಕಿ ಇಡಿಸಿ: ನಾಲ್ಕು ಸಾಲು, ಸಾಲಿಗೆ ಆರು. ಆರಾರರಂತೆ ನಾಲ್ಕು ಸಲ ಎಣಿಸಿದರೆ 24. ಮಗುವನ್ನು ಪಕ್ಕಕ್ಕೆ ಬಂದು ನಿಲ್ಲಲು ಹೇಳಿ. ಈಗ ಅದೇ ಚುಕ್ಕಿಗಳು ಆರು ಸಾಲು, ಸಾಲಿಗೆ ನಾಲ್ಕು. ಆರ್ನಾಲ್ಕೂ ನಾಲ್ಕಾರೂ ಒಂದೇ ಎಂಬುದು ಕಾಲಡಿಯಲ್ಲೇ ಇದೆ.

ಕಲಿಸುವ ಕ್ರಮ ಎರಡರಿಂದ ಇಪ್ಪತ್ತರವರೆಗೆ ಸಾಲಾಗಿ ಇರಬೇಕಿಲ್ಲ. ಮೊದಲು 2, 10, 5. ಒಂದರ ಮಗ್ಗಿಗೆ ಕಲಿಯುವುದೇನಿಲ್ಲ. ಇಷ್ಟು ಬಂದರೆ ಹತ್ಹತ್ತರವರೆಗಿನ ನೂರು ಗುಣಾಕಾರಗಳಲ್ಲಿ ಉಳಿಯುವುದು 3, 4, 6, 7, 8, 9 ಇವು ತಮ್ಮತಮ್ಮಲ್ಲಿ ಸೇರಿದ 36 ಮಾತ್ರ. ತಿರುಗಿಸಿದರೂ ಒಂದೇ ಎಂಬುದನ್ನು ಹಿಡಿದರೆ 21. ಮಕ್ಕಳಿಗೆ ಈ 21ನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಬಂದದ್ದಕ್ಕೆ ಗೀಟು ಹೊಡೆಯಲು ಹೇಳಿ. ನಾಲ್ಕರ ಮಗ್ಗಿ ಎಂದರೆ ಎರಡರದ್ದನ್ನು ಇಮ್ಮಡಿ ಮಾಡಿದ್ದು. ಒಂಬತ್ತಕ್ಕೆ ಕೈ ಇದೆ: ಹತ್ತು ಬೆರಳು ಚಾಚಿ, 9 × 4 ಬೇಕಿದ್ದರೆ ಎಡದಿಂದ ನಾಲ್ಕನೇ ಬೆರಳು ಮಡಚಿ. ಎಡಗಡೆ ಮೂರು, ಬಲಗಡೆ ಆರು. 36. ಕೊನೆಗೆ ಏಳೆಂಟ್ಲ ಐವತ್ತಾರು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ, ಅದನ್ನು ಉರು ಹೊಡೆಯಲೇಬೇಕು.

ರಂಗೋಲಿ ಬಲ್ಲ ಮಗುವಿಗೆ ಇನ್ನೊಂದು. ಸಂದು ಚುಕ್ಕಿ, ನಡುವೆ ಏಳು, ಎರಡೂ ಕಡೆ ನಾಲ್ಕಕ್ಕೆ ಬಂದು ನಿಲ್ಲುವ ರಂಗೋಲಿಗೆ ಒಟ್ಟು ಎಷ್ಟು ಚುಕ್ಕಿ? ಇಡದೆಯೇ ಹೇಳಬೇಕು. (37. ಏಳು, ಆರು ಎರಡು ಸಲ, ಐದು ಎರಡು ಸಲ, ನಾಲ್ಕು ಎರಡು ಸಲ.)

ಭಾಗಾಕಾರವನ್ನು ಎರಡು ರೀತಿಯಲ್ಲಿ ಕೇಳಿ. 12 ನಿಪ್ಪಟ್ಟನ್ನು ನಾಲ್ಕು ಜನಕ್ಕೆ ಹಂಚಿದರೆ ತಲಾ ಎಷ್ಟು? 12 ನಿಪ್ಪಟ್ಟಿದೆ, ತಲಾ ನಾಲ್ಕು ಕೊಟ್ಟರೆ ಎಷ್ಟು ಜನಕ್ಕೆ ಆಗುತ್ತದೆ? ಉತ್ತರ ಎರಡಕ್ಕೂ ಮೂರೇ, ಆದರೆ ಕೈ ಮಾಡುವ ಕೆಲಸ ಬೇರೆ.

7. ಕಾಲು, ಅರ್ಧ, ಮುಕ್ಕಾಲು

ಮೂರನೇ ತರಗತಿಯಲ್ಲಿ ಭಿನ್ನರಾಶಿ ಬಂದಾಗ "ನಾಲ್ಕಕ್ಕಿಂತ ಎಂಟು ದೊಡ್ಡದು, ಹಾಗಾಗಿ 1/8 ದೊಡ್ಡದು" ಎನ್ನದ ಮಗುವೇ ಇಲ್ಲ. ಚಪಾತಿ ಮಡಚಿ ಕತ್ತರಿಸಿ: ಅರ್ಧ, ಕಾಲು, ಅರೆಕಾಲು. ಹೆಚ್ಚು ಜನಕ್ಕೆ ಹಂಚಿದಷ್ಟೂ ಚೂರು ಚಿಕ್ಕದು ಎಂಬುದು ಹಸಿದ ಮಗುವಿಗೆ ಬೇಗ ಅರ್ಥವಾಗುತ್ತದೆ. ಇಲ್ಲೂ ಕನ್ನಡ ಕೈ ಹಿಡಿಯುತ್ತದೆ. ಮುಕ್ಕಾಲು ಎಂದರೆ ಮೂರು ಕಾಲು, 3/4 ಎಂದು ಬರೆದದ್ದನ್ನೇ ಹೆಸರು ಹೇಳುತ್ತಿದೆ. ಗಡಿಯಾರವೂ ಅಷ್ಟೇ, ಎಂಟೂಕಾಲು, ಎಂಟೂವರೆ, ಎಂಟೂಮುಕ್ಕಾಲು.

ಅಳತೆಗೆ ಹೂವಿನ ಅಂಗಡಿ. ಎರಡು ಗೇಣು ಒಂದು ಮೊಳ. ನಿಮ್ಮ ಮೊಳದಲ್ಲಿ ಮೂರು ಮೊಳ ಬಂದ ಹಾರ ಮಗುವಿನ ಮೊಳದಲ್ಲಿ ಎಷ್ಟು ಬಂತು ಎಂದು ಅಳೆದು ನೋಡಲಿ. ಸ್ಕೇಲು, ಸೆಂಟಿಮೀಟರು ಏಕೆ ಬೇಕಾಯಿತು ಎಂದು ಬೇರೆ ಹೇಳಬೇಕಿಲ್ಲ.

8. ಮಾತಿನ ಲೆಕ್ಕ

"ಒಟ್ಟು ಅಂತ ಬಂದ್ರೆ ಕೂಡು, ಉಳಿದದ್ದು ಅಂತ ಬಂದ್ರೆ ಕಳಿ." ದಯವಿಟ್ಟು ಇದನ್ನು ಹೇಳಿಕೊಡಬೇಡಿ. "ರಾಜುವಿನ ಹತ್ತಿರ 9 ಗೋಲಿ ಇವೆ, ಅದು ರವಿಯದ್ದಕ್ಕಿಂತ 3 ಹೆಚ್ಚು, ರವಿಯ ಹತ್ತಿರ ಎಷ್ಟು?" ಇಲ್ಲಿ ಹೆಚ್ಚು ಎಂಬ ಪದ ನೋಡಿ ಮಗು 12 ಎನ್ನುತ್ತದೆ. ಪದ ಹುಡುಕಿಸುವ ಬದಲು ಕತೆ ಹೇಳಿಸಿ, ಚಿತ್ರ ಬರೆಸಿ: ಒಂದು ಉದ್ದ ಪಟ್ಟಿ, ಕೆಳಗೆ ಸ್ವಲ್ಪ ಗಿಡ್ಡ ಪಟ್ಟಿ. ಒಮ್ಮೊಮ್ಮೆ ನೀವು 14 − 6 ಎಂದು ಕೊಟ್ಟು ಮಗುವಿನಿಂದ ಕತೆ ಕಟ್ಟಿಸಿ.

ಸಮ ಚಿಹ್ನೆಯನ್ನೂ ಒಮ್ಮೆ ಪರೀಕ್ಷಿಸಿ. 8 + 4 = __ + 5 ಎಂದು ಬರೆದು ಕೊಡಿ. ಬಹುಪಾಲು ಮಕ್ಕಳು 12 ಎಂದು ತುಂಬುತ್ತಾರೆ, ಏಕೆಂದರೆ ಆ ಎರಡು ಗೆರೆಗೆ "ಉತ್ತರ ಬರಿ" ಎಂಬುದೇ ಅರ್ಥ ಎಂದುಕೊಂಡಿರುತ್ತಾರೆ. ತಕ್ಕಡಿಯ ಎರಡು ತಟ್ಟೆ ತೋರಿಸಿ, 7 ಎಂದು ತಾವೇ ಹೇಳುತ್ತಾರೆ.

9. ಶಾಲೆಯ ಜೊತೆ

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ಮಕ್ಕಳ ಮನೆಯವರು "ಪುಸ್ತಕದಲ್ಲಿ ಏನೂ ಬರೆಸಲ್ಲ" ಎಂದು ದೂರುವುದುಂಟು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಎಂಬ, ಚಟುವಟಿಕೆಯಿಂದಲೇ ಕಲಿಸುವ ಪದ್ಧತಿಯ ಸ್ವಭಾವವೇ ಹಾಗೆ. ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿ, ಕಾರ್ಡು, 'ತಟ್ಟೆ' ಎಂದು ಕರೆಯುವ ಗುಂಪುಗಳು, ಪ್ರತಿ ಮಗುವಿಗೂ ತನ್ನದೇ ವೇಗ. ನೀವು ಶಾಲೆಗೆ ಹೋದಾಗ ಕೇಳಬೇಕಾದದ್ದು ಎಷ್ಟು ಪುಟ ಮುಗಿಯಿತು ಎಂದಲ್ಲ, ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ, ಎಲ್ಲಿ ನಿಂತಿದೆ ಎಂದು. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆಯ ಗುರಿಗಳ ಪ್ರಕಾರ ಒಂದನೇ ತರಗತಿ ಮುಗಿಯುವಾಗ 99ರವರೆಗೆ, ಎರಡರಲ್ಲಿ 999, ಮೂರರಲ್ಲಿ 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು. ಖಾಸಗಿ ಶಾಲೆಯ ಯುಕೆಜಿ ಮಗುವಿಗೆ ಮೂರಂಕಿಯ ಸಂಕಲನ ಬರೆಸುವವರು ಈ ಪಟ್ಟಿಯನ್ನು ಒಮ್ಮೆ ನೋಡಲಿ.

ಟೀಚರ್ ಹೇಳಿಕೊಟ್ಟ ವಿಧಾನ ನಿಮ್ಮದಕ್ಕಿಂತ ಬೇರೆ ಇದ್ದರೆ ಮಗುವಿನೆದುರು "ಇದೆಂಥ ಸುತ್ತುಬಳಸು" ಎನ್ನಬೇಡಿ. "ನಿಮ್ಮ ಮಿಸ್ ಹೇಳಿದ್ದನ್ನು ನನಗೂ ಕಲಿಸು" ಎನ್ನಿ. ಹೋಂವರ್ಕ್ ಮುಗಿಯದಿದ್ದರೆ ಉತ್ತರ ಹೇಳಿ ತುಂಬಿಸುವ ಬದಲು ಪುಟದ ಅಂಚಿನಲ್ಲಿ "ಇಲ್ಲಿ ಹತ್ತನ್ನು ಬಿಚ್ಚುವುದು ಗೊತ್ತಾಗುತ್ತಿಲ್ಲ" ಎಂದು ಒಂದು ಸಾಲು ಬರೆದು ಕಳಿಸಿ. ಆ ಒಂದು ಸಾಲು ನಮಗೆ ಹತ್ತು ಸರಿ ಉತ್ತರಗಳಿಗಿಂತ ಉಪಯೋಗ.

ಮೂರನೇ ತರಗತಿಗೆ ಬಂದರೂ ಎರಡು ಸಣ್ಣ ರಾಶಿಗಳಲ್ಲಿ ಯಾವುದು ಹೆಚ್ಚು ಎಂದು ಹೇಳಲಾಗದಿದ್ದರೆ, ನಿನ್ನೆ ಬಂದದ್ದು ಇಂದು ಪೂರ್ತಿ ಅಳಿಸಿ ಹೋಗುತ್ತಿದ್ದರೆ, ಸೋಮಾರಿ ಎಂದು ಬಯ್ಯುತ್ತ ವರ್ಷ ಕಳೆಯಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಡಿಸ್ಕ್ಯಾಲ್ಕುಲಿಯಾ ಎಂಬ ಕಲಿಕಾ ತೊಡಕು ಇರಬಹುದೇ ಎಂದು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದಕ್ಕೆ ಮಾನ್ಯತೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸಿ ನೋಡುತ್ತಾರೆ.

ಆ ಪಕ್ಕದ ಮನೆ ಹುಡುಗಿ ಈಗ ಮೂರನೇ ತರಗತಿ. ಮೊನ್ನೆ ಬಂದು "ಆಂಟಿ, ನೂರರಲ್ಲಿ ಮೂವತ್ತೇಳು ಕಳಿಬೇಕು, ಬಿಡಿ ಕಡ್ಡಿ ಒಂದೂ ಇಲ್ಲ, ಸಣ್ಣ ಕಟ್ಟೂ ಇಲ್ಲ" ಎಂದು ಕಡ್ಡಿ ಡಬ್ಬಿ ಕೇಳಿದಳು. ಕೊಟ್ಟೆ. ದೊಡ್ಡ ದಾರ ಬಿಚ್ಚುತ್ತ ಕೂತಳು.